ಕರೀದನ್ನ ಬಿಡು

ಎಲ್ಲ ಅನಾಹುತಕ್ಕೂ ಕಾರಣ ಉಸಿರು ಕಟ್ಟಿದ ಮನುಷ್ಯನೊಬ್ಬ ಆಡಿದ ಎರಡಕ್ಷರದ ಮಾತು. ಹೋದ ವಾರ ಮಾವನನ್ನು ಸ್ಟ್ರೆಚರ್ ಮೇಲೆ ಮಲಗಿಸಿ ಮೆಟ್ಟಿಲು ಇಳಿಸುವಾಗ ಅವರು ಒಂದು ಕೈಯಲ್ಲಿ ಆಕ್ಸಿಜನ್ ಮುಖವಾಡವನ್ನು ಪಕ್ಕಕ್ಕೆ ಸರಿಸಿ, ಇನ್ನೊಂದು ಕೈಯಲ್ಲಿ ಅಳಿಯನ ಅಂಗಿ ಹಿಡಿದೆಳೆದು, "ಡಬ್ಬೀಲಿರೋ ಆ ಕರೀದನ್ನ..." ಎಂದರು. ಅಷ್ಟರಲ್ಲಿ ಆಸ್ಪತ್ರೆಯವನು ಮುಖವಾಡವನ್ನು ಮತ್ತೆ ಮೂತಿಗೆ ಒತ್ತಿದ. ಒಳಗಿನಿಂದ ಏನೋ ಗೊರಗೊರ ಸದ್ದಾಯಿತು. ಮಾವ ಮತ್ತೊಮ್ಮೆ ಅದನ್ನು ಸರಿಸಿ, "...ಬಿಡು" ಎಂದರು.

ಅಳಿಯ ಬಿಟ್ಟ.

ಮಾವ ಶಾಲೆಯೊಂದರಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ನಿವೃತ್ತರಾದ ಮೇಲೆ ಸಾಲಾಗಿ ನಿಲ್ಲಿಸಲು ಮಕ್ಕಳು ಸಿಗದೆ ಮೀನು ಸಾಕಿದರು. ಹಜಾರದ ಉದ್ದಗೋಡೆಗೆ ಒಂದು ಗಾಜಿನ ತೊಟ್ಟಿ. ಅದರಲ್ಲಿ ಸಮುದ್ರದ್ದೇ ಹದದ ಉಪ್ಪುನೀರು, ತೂತುತೂತಾದ ಕಲ್ಲು, ಕಲ್ಲಿನ ಮೇಲೆ ಅರಳಿ ಮುದುಡುವ ಜೀವಂತ ಹವಳ. ನಡುವೆ ಬೆರಳುದ್ದದ ಹಸಿರು ಮಿಶ್ರಿತ ನೀಲಿ ಮೀನುಗಳು ಏಳು. ಒಂದು ಎಡಕ್ಕೆ ತಿರುಗಿದರೆ ಏಳೂ ಎಡಕ್ಕೆ, ಒಂದು ನಿಂತರೆ ಏಳೂ ನಿಂತವು. ಮೇಷ್ಟ್ರು ಬೆತ್ತದ ಕುರ್ಚಿಯಲ್ಲಿ ಕೂತು ಈ ಕವಾಯತು ನೋಡುತ್ತ, ಮನುಷ್ಯರಿಂದ ತಮಗೆ ಇಷ್ಟು ಸುಖ ಎಂದೂ ಸಿಗಲಿಲ್ಲ ಎಂದು ಮನೆಯವರಿಗೆ ಕೇಳುವಂತೆಯೇ ಹೇಳುತ್ತಿದ್ದರು.

ತೊಟ್ಟಿಯ ಮೂಲೆಯಲ್ಲಿ, ನೀರಿನೊಳಗೇ, ತೂತು ಕೊರೆದ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯೊಂದು ನೇತಾಡುತ್ತಿತ್ತು. ಅದರಲ್ಲಿ ಒಂಟಿಯಾಗಿ ಒಂದು ಕಪ್ಪು ಮೀನು, ಮೈಮೇಲೆ ಬಿಳಿ ಬೊಟ್ಟು. ಅದು ಯಾಕೆ ಅಲ್ಲಿದೆ ಎಂದು ಯಾರು ಕೇಳಿದರೂ ಮೇಷ್ಟ್ರು, "ಪನಿಶ್ಮೆಂಟು" ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದರು. ಸಾಯುವ ಕಾಲಕ್ಕೆ ಮನುಷ್ಯನ ಮನಸ್ಸು ಮೆತ್ತಗಾಗಿದೆ, ಕೈದಿಗೆ ಬಿಡುಗಡೆ ಕೊಡು ಎನ್ನುತ್ತಿದ್ದಾರೆ ಎಂದು ಅಳಿಯ ಅರ್ಥಮಾಡಿಕೊಂಡದ್ದರಲ್ಲಿ ಅವನ ತಪ್ಪೇನೂ ಇರಲಿಲ್ಲ. ಅವನ ಕಣ್ಣೂ ಒದ್ದೆಯಾಗಿತ್ತು.

ಮಾವನ ವ್ಯಾಕರಣದಲ್ಲಿ ಅಳಿಯ ನಪುಂಸಕಲಿಂಗ. "ಅದು ಎದ್ದಿದ್ಯಾ? ಅದಕ್ಕೆ ತಿಂಡಿ ಕೊಟ್ಯಾ? ಅದು ಮತ್ತೆ ಬಚ್ಚಲಿನ ದೀಪ ಆರಿಸಿಲ್ಲ." ಮದುವೆಯಾದ ಹೊಸತರಲ್ಲಿ ಮಗಳಿಗೆ, "ಅದನ್ನ ಬಿಟ್ಟು ಮನೆಗೆ ಬಾ" ಎಂದು ಹೇಳಿ ಕಳಿಸಿದ್ದರು. ಅಪ್ಪನ ಮಾತನ್ನು ಎಂದೂ ಮೀರದ ಮಗಳು ಅದೊಂದು ಮಾತನ್ನು ಮಾತ್ರ ಅರ್ಧ ನಡೆಸಿಕೊಟ್ಟಳು. ಮನೆಗೆ ಬಂದಳು, ಜೊತೆಗೆ ಅದನ್ನೂ ಕರೆದುಕೊಂಡು ಬಂದಳು. ಅಂದಿನಿಂದ ಅಳಿಯ ಮಾವನ ಮನೆಯಲ್ಲಿ, ಮಾವನ ಕಣ್ಣಳತೆಯಲ್ಲಿ ಬದುಕುತ್ತಿದ್ದ. ಅವನ ಕಸುಬು ಕಟ್ಟುಹಲ್ಲು ಮಾಡುವುದು. ಮಾವನಿಗೆ ತನ್ನ ಕೈಯಾರೆ ಒಂದು ಸೆಟ್ ಮಾಡಿಕೊಟ್ಟಿದ್ದ. "ಅದು ಮಾಡಿದ ಹಲ್ಲು ನನ್ನನ್ನೇ ಕಚ್ಚುತ್ತೆ" ಎಂದು ಮಾವ ಬಂದವರಿಗೆಲ್ಲ ಬಾಯಿ ತೆರೆದು ತೋರಿಸಿದ್ದರು.

ಮಾವ ಆಸ್ಪತ್ರೆ ಸೇರಿ ವಾರವಾದ ದಿನ ಬೆಳಗ್ಗೆ ಹೆಂಡತಿ ಅಲ್ಲಿಂದ ಫೋನು ಮಾಡಿದಳು.

"ರೀ, ಡಾಕ್ಟ್ರು ಮನೆಗೆ ಕರ್ಕೊಂಡು ಹೋಗಿ ಅಂದ್ರು."

"ಹೌದಾ? ವಾಸಿಯಾಯ್ತಾ?"

"ಇಲ್ಲ ರೀ. ಅದಕ್ಕೇ ಕರ್ಕೊಂಡು ಹೋಗಿ ಅಂದಿದ್ದು."

ಅವಳು ಮೂಗೆಳೆದುಕೊಂಡು ಮುಂದುವರಿಸಿದಳು. "ಸಂಜೆ ಹೊತ್ತಿಗೆ ಬರ್ತೀವಿ. ಅಪ್ಪನ ಮಂಚ ತೊಟ್ಟಿ ಎದುರಿಗೆ ಹಾಕಿ. ಮೀನು ನೋಡ್ಬೇಕಂತೆ. ಬೇರೆ ಏನೂ ಕೇಳ್ತಿಲ್ಲ ರೀ, ಬರೀ ಅದೊಂದೇ. ಮತ್ತೆ ನಿಮ್ಮ ಬಗ್ಗೆನೂ ಹೇಳಿದ್ರು."

"ಏನಂತೆ?"

"'ಏಳೂ ನೆಟ್ಟಗಿದ್ರೆ ಅದಕ್ಕೆ ಒಂದು ಒಳ್ಳೇ ಮಾತು ಹೇಳಿ ಹೋಗ್ತೀನಿ' ಅಂದ್ರು. ಏಳೂ ಇದಾವೆ ತಾನೆ?"

"ಇದಾವೆ. ಇರದೆ ಎಲ್ಲಿಗೆ ಹೋಗ್ತವೆ?" ಎಂದ ಅಳಿಯ.

ಫೋನಿಟ್ಟು ತೊಟ್ಟಿಯ ಕಡೆ ತಿರುಗಿದ. ಅಲ್ಲಿ ಇದ್ದದ್ದು ಒಂದು. ಅದಕ್ಕೂ ಬಾಲ ಅರ್ಧವೇ ಉಳಿದಿತ್ತು. ನೀರು ಬಿಸಿ ಮಾಡುವ ಕೊಳವೆಯ ಹಿಂದೆ ಅಂಟಿಕೊಂಡು ನಡುಗುತ್ತಿತ್ತು. ತೊಟ್ಟಿಯ ನಟ್ಟನಡುವೆ, ಮೇಷ್ಟ್ರ ಏಳು ಮೀನುಗಳು ಕವಾಯತು ಮಾಡುತ್ತಿದ್ದ ಜಾಗದಲ್ಲಿ, ಕರೀದು ಒಂದೇ ಆರಾಮಾಗಿ ತಿರುಗುತ್ತಿತ್ತು. ಒಂದು ವಾರದಲ್ಲಿ ಅದರ ಹೊಟ್ಟೆ ಗುಂಡಗಾಗಿತ್ತು.

ಅಳಿಯ ಈ ವಾರವೆಲ್ಲ ಎಣಿಸುತ್ತಲೇ ಇದ್ದ. ಬೆಳಗಾದರೆ ಒಂದು ಕಡಿಮೆ. ಪ್ರತಿ ಸಲವೂ ಕಲ್ಲಿನ ಹಿಂದೆ ಅವಿತಿರಬೇಕು ಎಂದು ತನಗೆ ತಾನೇ ಹೇಳಿಕೊಂಡಿದ್ದ. ಈಗ ಹಾಗೆ ಹೇಳಿಕೊಳ್ಳಲು ಕಲ್ಲುಗಳೇ ಸಾಲವು. ಟಾರ್ಚು ಹಿಡಿದು ಬಗ್ಗಿ ನೋಡಿದ. ಒಂದು ಸಂದಿಯಿಂದ ಪುಟ್ಟ ಏಡಿಯೊಂದು ಎಳೆ ಮುಳ್ಳಿನಂಥದ್ದೇನನ್ನೋ ಬಾಯಲ್ಲಿ ಕಚ್ಚಿಕೊಂಡು ಹೊರಬಂತು. ಅದು ಮೇಷ್ಟ್ರ ಸೈನ್ಯದ ಒಬ್ಬ ಸಿಪಾಯಿಯ ಬೆನ್ನೆಲುಬು ಎಂದು ತಿಳಿದಾಗ ಅಳಿಯ ಟಾರ್ಚು ಆರಿಸಿದ.

"ಏನ್ರೀ ಅಳಿಯಂದ್ರೇ, ಹೋದ್ರಾ?" ಎಂದು ಬಾಗಿಲಲ್ಲಿ ದನಿ ಕೇಳಿತು.

ಎದುರುಮನೆಯಾಕೆ. ಕೈಯಲ್ಲಿ ಕರವಸ್ತ್ರ ಸಿದ್ಧವಾಗಿತ್ತು. ಯಾರ ಮನೆಯಲ್ಲಿ ಸಾವು ಸಂಭವಿಸಿದರೂ ಮೊದಲು ಅಳುವ ಹಕ್ಕು ತನ್ನದು ಎಂದು ಆಕೆ ನಂಬಿದ್ದಳು.

"ಇಲ್ಲ. ಸಂಜೆ ಮನೆಗೆ ಬರ್ತಿದಾರೆ."

"ಓಹೋ, ಇನ್ನೂ ಇದಾರೆ." ಆಕೆ ಕರವಸ್ತ್ರವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ತೊಟ್ಟಿಯೊಳಗೆ ಇಣುಕಿದಳು. "ಅಯ್ಯೋ, ಇದೇನಿದು? ಮೀನೇ ಇಲ್ವಲ್ಲ! ನೋಡೋಕೆ ಅಂತಾನೇ ಜೀವ ಹಿಡ್ಕೊಂಡಿದಾರೆ ಅಂತ ನಿಮ್ಮ ಮನೆಯಾಕೆ ಮೊನ್ನೆ ಫೋನಲ್ಲಿ ಹೇಳಿದ್ಲು. ಇದನ್ನ ನೋಡಿದ್ರೆ ಆ ಜೀವ ಅಲ್ಲೇ ಹೋಗುತ್ತೆ."

ಆಕೆಯ ದನಿ ಕೇಳಿ ಮೇಲಿನ ಮನೆಯ ಗಾರ್ಡು ಇಳಿದುಬಂದರು. ರೈಲಿನ ಕೊನೇ ಡಬ್ಬಿಯಲ್ಲಿ ನಿಂತು ಜೀವನ ಕಳೆದ ಅವರಿಗೆ, ಎಲ್ಲ ಅಪಘಾತವೂ ತಮ್ಮ ಮುಂದೆಯೇ ಎಲ್ಲೋ ನಡೆಯುತ್ತದೆ ಮತ್ತು ವರದಿ ಮಾತ್ರ ತಾವೇ ಕೊಡಬೇಕು ಎಂಬ ನಂಬಿಕೆ. ಕನ್ನಡಕ ಏರಿಸಿ ತೊಟ್ಟಿಯನ್ನು ಪರೀಕ್ಷಿಸಿದರು.

"ಕೊಲೆ," ಎಂದರು. "ಆ ಕಪ್ಪಂದೇ. ಇದನ್ನ ಹೊರಗೆ ಬಿಟ್ಟವರು ಯಾರು?"

"ತಾನೇ ಹಾರ್ಕೊಂಡು ಬಂದಿರಬೇಕು," ಎಂದು ಅಳಿಯ ಹಲ್ಲು ಕಿರಿದ.

ಬಲೆ ತಂದು ಕರೀದನ್ನು ಹಿಡಿಯಲು ಹೊರಟ. ಅದು ಬಲೆಗೆ ಹೆದರುವುದಿರಲಿ, ಬಲೆಯನ್ನೇ ಅಟ್ಟಿಸಿಕೊಂಡು ಬಂತು. ಗಾರ್ಡು ಎಡಕ್ಕೆ, ಬಲಕ್ಕೆ ಎಂದು ಕೈಯಾಡಿಸಿದರು. ಎದುರುಮನೆಯಾಕೆ ಎರಡಕ್ಕೂ ಅಡ್ಡ ಹೇಳಿದಳು. ಅಳಿಯ ಕಂಕುಳವರೆಗೂ ಕೈ ಮುಳುಗಿಸಿ ಕಲ್ಲಿನ ಸಂದಿ ತಡಕಿದಾಗ ಕರೀದು ಬಂದು ಹೆಬ್ಬೆರಳಿಗೆ ಬಾಯಿ ಹಾಕಿತು. ದಿನಾ ಊರವರ ಹಲ್ಲಿನ ಜೊತೆ ಗುದ್ದಾಡುವ ಅವನು ಕಚ್ಚಿಸಿಕೊಂಡದ್ದು ಅದೇ ಮೊದಲು. ಹಜಾರದ ತುಂಬ ಉಪ್ಪುನೀರು ಚೆಲ್ಲಾಡಿತು.

"ಹೊಸದು ತಂದುಬಿಡಿ ಅತ್ಲಾಗೆ," ಎಂದಳು ಎದುರುಮನೆಯಾಕೆ. "ಮೀನಿನ ಮುಖ ಯಾರಿಗೆ ಗುರುತಿರುತ್ತೆ? ಅದರಲ್ಲೂ ಸಾಯೋ ಮನುಷ್ಯಂಗೆ."

ಆ ಬೆಳಗ್ಗೆ ಅವನ ಕಿವಿಗೆ ಬಿದ್ದ ಮೊದಲ ಬುದ್ಧಿಮಾತು ಅದು. ಒದ್ದೆ ತೋಳಿನಲ್ಲೇ ಓಡಿದ.

ಮೀನಿನ ಅಂಗಡಿಯವನು ಗಿರಾಕಿಗಳ ಕಡೆ ತಲೆಯೆತ್ತುವ ಪೈಕಿಯಲ್ಲ. ಸಾಲುಸಾಲು ತೊಟ್ಟಿಗಳ ನಡುವೆ ಕೂತು ಫೋನಿನಲ್ಲಿ ಏನೋ ನೋಡುತ್ತಿದ್ದ. ಹಸಿರುನೀಲಿ ಮೀನು ಆರು ಬೇಕು ಎಂದಾಗ, ಒಂದು ಕೈಯಲ್ಲೇ ಹಿಡಿದು ನೀರು ತುಂಬಿದ ಚೀಲಕ್ಕೆ ಹಾಕಿದ.

"ಗ್ಯಾರಂಟಿ ಇಲ್ಲ ಸಾರ್. ಇವು ಒಂದಕ್ಕೊಂದು ಹೊಡೆದಾಡ್ಕೊಂಡೇ ಸಾಯೋ ಜಾತಿ."

"ಸಂಜೆವರೆಗೂ ಇದ್ರೆ ಸಾಕು. ಒಟ್ಟಿಗೆ ಈಜ್ತವಾ?"

"ಅವುಗಳ ಮನಸ್ಸು."

"ಒಂದು ಕಪ್ಪು ಮೀನು ಇದೆ. ಬಲೆಗೆ ಬೀಳ್ತಿಲ್ಲ."

ಅಂಗಡಿಯವನು ಆಕಳಿಸಿದ. "ಕನ್ನಡಿ ತೋರ್ಸಿ. ಅದಕ್ಕೆ ಅದರ ಮುಖ ಕಂಡ್ರೆ ಆಗಲ್ಲ."

ಚೀಲವನ್ನು ಎದೆಗವಚಿಕೊಂಡು ಮನೆಯ ದಾರಿ ಹಿಡಿಯುವಷ್ಟರಲ್ಲಿ ಫೋನು ಬಡಿದುಕೊಂಡಿತು. ಕೆಲಸದ ಕಡೆಯಿಂದ ಹಲ್ಲಿನ ಡಾಕ್ಟರಮ್ಮ. ಕ್ಲಿನಿಕ್ಕು ದಾರಿಯಲ್ಲೇ ಇತ್ತು. ಒಳಗೆ ಕಾಲಿಟ್ಟವನೇ, "ಮೇಡಂ, ಇವತ್ತು ರಜ ಬೇಕು. ನಮ್ಮ ಮಾವ..." ಎಂದ.

"ತೀರ್ಕೊಂಡ್ರಾ?"

"ಇನ್ನೂ ಇಲ್ಲ."

"ಮತ್ತೆ ರಜ ಯಾಕೆ?" ಎಂದರು ಡಾಕ್ಟರಮ್ಮ, ನಿಜಕ್ಕೂ ಆಶ್ಚರ್ಯಪಟ್ಟು. "ಆ ಕೆಳಗಿನ ಸೆಟ್ಟು ಮುಗಿಸಿ ಹೋಗಿ. ಪೇಷಂಟು ಬಂದು ಬಾಯಿ ತಕ್ಕೊಂಡು ಕೂತಿದಾರೆ."

ಕುರ್ಚಿಯಲ್ಲಿ ನಿಜವಾಗಿಯೂ ಒಬ್ಬ ಮುದುಕರು ಬಾಯಿ ತೆರೆದು ಕೂತಿದ್ದರು. ಅಳಿಯ ಮೀನಿನ ಚೀಲವನ್ನು ಅವರ ತಲೆಯ ಬಳಿ ದೀಪದ ಕೊಕ್ಕೆಗೆ ನೇತುಹಾಕಿ, ಹಿಂದಿನ ಕೋಣೆಯಲ್ಲಿ ಅರ ಹಿಡಿದ. ಕಟ್ಟುಹಲ್ಲಿನ ಗುಲಾಬಿ ವಸಡಿನ ಪುಡಿ ಮುಖಕ್ಕೆಲ್ಲ ಹಾರಿತು. ಕಚ್ಚಿಸಿಕೊಂಡ ಹೆಬ್ಬೆರಳು ಪಟಪಟ ಮಿಡಿಯುತ್ತಿತ್ತು. ಕೆಲಸ ಮುಗಿಸಿ ಬಂದಾಗ, ಆ ಮುದುಕರು ಅದೇ ಬಾಯಲ್ಲಿ ಚೀಲದ ಆರು ಮೀನುಗಳನ್ನೇ ನೋಡುತ್ತಿದ್ದರು. ಯಾವುದನ್ನು ತಮ್ಮ ಬಾಯಿಗೆ ಹಾಕುತ್ತಾರೋ ಎಂಬ ಭಯ ಅವರ ಕಣ್ಣಲ್ಲಿತ್ತು. ಅಳಿಯ ಹಲ್ಲಿನ ಸೆಟ್ಟನ್ನು ಡಾಕ್ಟರಮ್ಮನ ಕೈಗಿತ್ತು, ತಟ್ಟೆಯಲ್ಲಿದ್ದ ಉದ್ದ ಹಿಡಿಯ ಪುಟ್ಟ ಕನ್ನಡಿಯೊಂದನ್ನು ಜೇಬಿಗಿಳಿಸಿ ಹೊರಟ.

ಮನೆಯಲ್ಲಿ ಗಾರ್ಡೂ ಎದುರುಮನೆಯಾಕೆಯೂ ಅವನಿಲ್ಲದಾಗಲೇ ಮೇಷ್ಟ್ರ ಮಂಚ ತಂದು ಹಾಕಿ, ಅದರ ತಲೆ ಯಾವ ಕಡೆ ಇರಬೇಕು ಎಂದು ಜಗಳವಾಡುತ್ತಿದ್ದರು. ಅದು ಹೊಸ ವಿಷಯವೇನಲ್ಲ. ಮೇಷ್ಟ್ರು ಆಸ್ಪತ್ರೆ ಸೇರಿದಾಗಿನಿಂದ ಕಟ್ಟಡದಲ್ಲಿ ಎಲ್ಲರಿಗೂ ಎಲ್ಲರ ಜೊತೆ ಜಗಳ. ಬಟ್ಟೆ ಒಣಹಾಕುವ ಹಗ್ಗಕ್ಕೆ, ಮೆಟ್ಟಿಲ ಮೇಲಿನ ಚಪ್ಪಲಿಗೆ, ನೀರಿನ ಮೋಟಾರಿಗೆ. ಮೊದಲು ಮೇಷ್ಟ್ರು ಒಳಗಿನಿಂದ ಒಮ್ಮೆ ಕೆಮ್ಮಿದರೆ ಸಾಕಿತ್ತು, ಚಪ್ಪಲಿಗಳು ತಾವೇ ಸಾಲಾಗಿ ನಿಲ್ಲುತ್ತಿದ್ದವು.

ಅಳಿಯ ಚೀಲವನ್ನು ತೊಟ್ಟಿಯ ನೀರಿನ ಮೇಲೆ ತೇಲಿಬಿಟ್ಟ. ಹೊಸ ಮೀನಿಗೆ ನೀರಿನ ಬಿಸಿ ಹೊಂದಿಕೊಳ್ಳಲು ಅಷ್ಟು ಹೊತ್ತು ಬೇಕು. ಆಮೇಲೆ ಕನ್ನಡಿಯನ್ನು ಖಾಲಿ ಡಬ್ಬಿಯೊಳಗೆ ನಿಲ್ಲಿಸಿ, ಡಬ್ಬಿಯನ್ನು ನೀರಿಗಿಳಿಸಿ, ಉಸಿರು ಬಿಗಿಹಿಡಿದು ಕಾದ. ಕರೀದು ಬಂತು. ದೂರದಿಂದ ನೋಡಿತು. ಕನ್ನಡಿಯಲ್ಲಿ ತನ್ನಷ್ಟೇ ಕಪ್ಪಾದ, ತನ್ನಷ್ಟೇ ಕೊಬ್ಬಿದ ಇನ್ನೊಬ್ಬನನ್ನು ಕಂಡು ಮೈಯೆಲ್ಲ ಕೋಪವಾಗಿ ಒಳಗೆ ನುಗ್ಗಿತು. ಅಳಿಯ ಕನ್ನಡಿ ಎಳೆದುಕೊಂಡು ಮುಚ್ಚಳ ಒತ್ತಿದ. ಅವನು ಜೀವನದಲ್ಲಿ ಗೆದ್ದ ಮೊದಲ ಯುದ್ಧ ಅದು. ನೋಡಲು ಹೆಂಡತಿ ಇರಲಿಲ್ಲ ಎಂಬುದೊಂದೇ ಕೊರಗು.

ಡಬ್ಬಿಯನ್ನು ಒಂದು ಬಕೆಟ್ ಉಪ್ಪುನೀರಿನಲ್ಲಿಟ್ಟು, ಬಕೆಟ್ಟನ್ನು ಬಚ್ಚಲಿಗೆ ಸಾಗಿಸಿದ. ಚೀಲದ ಬಾಯಿ ಬಿಚ್ಚಿ ಆರು ಮೀನುಗಳನ್ನು ತೊಟ್ಟಿಗೆ ಸುರಿದ. ಮೋಟುಬಾಲದ್ದೂ ಸೇರಿ ಏಳು. ಲೆಕ್ಕ ಸರಿಯಾಯಿತು.

ಲೆಕ್ಕ ಸರಿಯಾದರೂ ಕವಾಯತು ಶುರುವಾಗಲಿಲ್ಲ. ಒಂದು ಮೇಲಕ್ಕೆ ಹೋಯಿತು, ಒಂದು ಕೆಳಕ್ಕೆ. ಎರಡು ಒಂದೇ ಕಲ್ಲಿಗಾಗಿ ಕಚ್ಚಾಡತೊಡಗಿದವು. ಇನ್ನೊಂದು ಮೋಟುಬಾಲವನ್ನು ಅಟ್ಟಿಸಿಕೊಂಡು ಹೋಯಿತು. ಉಳಿದದ್ದು ಗಾಜಿಗೆ ಮುಖ ಒತ್ತಿ ಇವರನ್ನೇ ನೋಡುತ್ತ ನಿಂತಿತು.

"ಸಂತೆ ಇದ್ದಂಗಿದೆ," ಎಂದಳು ಎದುರುಮನೆಯಾಕೆ.

"ಶಂಟಿಂಗ್ ಯಾರ್ಡು, ಡಬ್ಬಿಗೊಂದು ದಿಕ್ಕು," ಎಂದು ಗಾರ್ಡು ತಿದ್ದಿದರು. "ಮೇಷ್ಟ್ರು ನೋಡಿದ ತಕ್ಷಣ ಹಿಡಿದುಬಿಡ್ತಾರೆ."

ಅಳಿಯ ಮೀನಿನ ಊಟ ಉದುರಿಸಿದ. ಜಗಳ ಹೆಚ್ಚಾಯಿತು. ದೀಪ ಆರಿಸಿದ, ಹಚ್ಚಿದ. ಮೇಷ್ಟ್ರ ಹಾಗೆ ಚಪ್ಪಾಳೆ ತಟ್ಟಿದ. ಕೊನೆಗೆ ಗಾಜಿಗೆ ಬಾಯಿಟ್ಟು, "ದಯವಿಟ್ಟು ಒಟ್ಟಿಗಿರ್ರೋ, ಒಂದು ಗಳಿಗೆ ಸಾಕು," ಎಂದು ಬೇಡಿಕೊಂಡ. ಫೋನು ಬಂತು. ಆಂಬುಲೆನ್ಸು ಹೊರಟಿದೆ ಎಂದಳು ಹೆಂಡತಿ. ಒಳ್ಳೆಯ ಮಾತು ಹೋಗಲಿ, ಸಾಯುವವರ ಬಾಯಿಂದ ಕೊನೆಗೆ ಬೈಗುಳ ಬಿದ್ದರೆ ಅದನ್ನು ತಿದ್ದಿಸಿಕೊಳ್ಳಲು ಮತ್ತೆ ಅವರು ಸಿಗುವುದಿಲ್ಲವಲ್ಲ ಎಂದು ನೆನೆದು ಅವನಿಗೆ ಅಳುವೇ ಬಂತು.

"ಮೊದಲು ನೆಲ ಒರೆಸಿ. ಮೇಷ್ಟ್ರನ್ನ ಹೊತ್ಕೊಂಡು ಬರೋರು ಜಾರಿ ಬಿದ್ರೆ?" ಎಂದು ಎದುರುಮನೆಯಾಕೆ ತಾನೇ ಸೆರಗು ಸಿಕ್ಕಿಸಿ ಬಕೆಟ್ ತರಲು ಬಚ್ಚಲಿಗೆ ಹೋದಳು. ಇದ್ದದ್ದು ಒಂದೇ ಬಕೆಟ್ಟು. ಆಕೆ ಒಂದು ಕ್ಷಣ ಯೋಚಿಸಿ, ಡಬ್ಬಿಯನ್ನು ತೆಗೆದು ತಂದು, ಯಾರು ಏನೆನ್ನುವ ಮುಂಚೆಯೇ ತೊಟ್ಟಿಯ ಮೂಲೆಗೆ ಮೊದಲಿನಂತೆ ನೇತುಹಾಕಿದಳು. "ಅದರ ಜಾಗದಲ್ಲಿ ಅದಿರ್ಲಿ."

ಕರೀದು ಡಬ್ಬಿಯೊಳಗಿನಿಂದ ಹೊಸಬರನ್ನು ದಿಟ್ಟಿಸಿ ನೋಡಿತು.

ಏಳು ಮೀನುಗಳೂ ಕಚ್ಚಾಟ ಬಿಟ್ಟವು. ಮೋಟುಬಾಲದ್ದು ಮೊದಲು ತೊಟ್ಟಿಯ ನಡುವಿಗೆ ಓಡಿಬಂತು. ಅದರ ಹಿಂದೆ ಒಂದೊಂದಾಗಿ ಉಳಿದವೂ ಬಂದು ಮೈಗೆ ಮೈ ತಾಗಿಸಿ ನಿಂತವು. ಕರೀದು ಎಡಕ್ಕೆ ಹೊರಳಿತು. ಏಳೂ ಒಟ್ಟಿಗೇ ಬಲಕ್ಕೆ ತಿರುಗಿದವು.

ಅಳಿಯ ಬೆತ್ತದ ಕುರ್ಚಿಯಲ್ಲಿ ಕೂತ. ಸ್ಟ್ರೆಚರ್ ಮೇಲೆ ಮುಖವಾಡ ನುಂಗಿದ ಮಾತು ಯಾವುದು ಎಂದು ಅವನಿಗೆ ಈಗ ಹೊಳೆಯಿತು. "ಆ ಕರೀದನ್ನ ಹಾಗೇ ಬಿಡು." ಅಷ್ಟೇ. ಅದು ಇದ್ದಲ್ಲೇ ಇರಲಿ, ಮುಟ್ಟಬೇಡ. ಇವು ಒಟ್ಟಿಗೆ ಈಜುವುದು ಪ್ರೀತಿಯಿಂದಲ್ಲ, ಮೂಲೆಯಲ್ಲಿ ಕೂತ ಒಂದು ಭಯದಿಂದ ಎಂಬುದು ಇಡೀ ಆಯುಷ್ಯ ಮಕ್ಕಳನ್ನು ಸಾಲಲ್ಲಿ ನಿಲ್ಲಿಸಿದ ಮನುಷ್ಯನಿಗೆ ಗೊತ್ತಿತ್ತು. ಅಳಿಯನ ಕಣ್ಣು ತೊಟ್ಟಿಯಿಂದ ಮಂಚಕ್ಕೆ ಹೋಯಿತು, ಅಲ್ಲಿಂದ ಮತ್ತೆ ಜಗಳಕ್ಕೆ ನಿಂತಿದ್ದ ಇಬ್ಬರು ನೆರೆಯವರ ಮೇಲೆ ನಿಂತಿತು. ಮೊದಲ ಸಲ ಅವನಿಗೆ ಮಾವ ಸಾಯುವುದು ಬೇಡ ಎನ್ನಿಸಿತು.

ಮೇಷ್ಟ್ರನ್ನು ಸಂಜೆ ತಂದರು. ಒಂದು ವಾರದಲ್ಲಿ ಅವರು ಎಷ್ಟು ಸಣ್ಣಗಾಗಿದ್ದರೆಂದರೆ, ಹೊತ್ತವರಿಗೆ ಅವರಿಗಿಂತ ಹೊದಿಕೆಯೇ ಹೆಚ್ಚು ಭಾರವಾಯಿತು. ಕಟ್ಟುಹಲ್ಲನ್ನು ಆಸ್ಪತ್ರೆಯವರು ತೆಗೆದಿಟ್ಟಿದ್ದರಿಂದ ಕೆನ್ನೆ ಒಳಗೆ ಹೋಗಿತ್ತು. ಆದರೂ ಮಂಚದ ಮೇಲೆ ಮಲಗಿಸಿದ ಕೂಡಲೇ ಅವರು ಒಮ್ಮೆ ಕೆಮ್ಮಿದರು. ಗಾರ್ಡು ನೆಟ್ಟಗೆ ನಿಂತರು. ಎದುರುಮನೆಯಾಕೆ ಬಾಗಿಲಿಗೆ ಹೋಗಿ ಚಪ್ಪಲಿಗಳನ್ನು ಸರಿಮಾಡಿ ಬಂದಳು.

"ನೋಡಪ್ಪ," ಎಂದಳು ಮಗಳು, ಅವರ ತಲೆಯನ್ನು ತನ್ನ ತೋಳಿಗೆ ಒರಗಿಸಿಕೊಂಡು. "ಏಳೂ ಇದಾವೆ. ಇವರೇ ನೋಡ್ಕೊಂಡಿದ್ದು."

ಅಳಿಯ ತೊಟ್ಟಿಯ ಮೂಲೆಯಲ್ಲಿ, ಡಬ್ಬಿಯ ಪಕ್ಕಕ್ಕೆ, ಕೈ ಕಟ್ಟಿಕೊಂಡು ನಿಂತಿದ್ದ. ಮೀನುಗಳು ಬಲಕ್ಕೆ ತಿರುಗಿದವು, ನಿಂತವು, ಎಡಕ್ಕೆ ತಿರುಗಿದವು. ಮೇಷ್ಟ್ರು ಹೊತ್ತುಗೊತ್ತಿಲ್ಲದವರ ಹಾಗೆ ನೋಡಿದರು. ಅವರ ಕಣ್ಣು ಒಂದೊಂದೇ ಮೀನಿನ ಮೇಲೆ, ಹಿಂದೆ ಸಾಲಿನಲ್ಲಿ ಹಾಜರಿ ತೆಗೆದುಕೊಳ್ಳುತ್ತಿದ್ದಂತೆಯೇ, ನಿಂತು ನಿಂತು ಸರಿಯಿತು. ಆಮೇಲೆ ಅದೇ ಕಣ್ಣು ಅಳಿಯನ ಹೆಬ್ಬೆರಳ ಗಾಯದ ಮೇಲೆ ಬಿತ್ತು.

"ಇವು ನನ್ನವಲ್ಲ," ಎಂದರು.

ಹಲ್ಲಿಲ್ಲದ ಬಾಯಿಯಾದರೂ ಮಾತು ಸ್ಪಷ್ಟವಾಗಿತ್ತು. ಎದುರುಮನೆಯಾಕೆ ಕರವಸ್ತ್ರ ತೆಗೆದಳು. "ನೋಡಿದ್ರಾ? ಎಂಥ ವೈರಾಗ್ಯ! ಯಾವುದೂ ನಂದಲ್ಲ ಅಂತಿದಾರೆ."

ಮೇಷ್ಟ್ರು ಕಷ್ಟಪಟ್ಟು ಕೈಯೆತ್ತಿದರು. ನಡುಗುವ ಬೆರಳು ತೊಟ್ಟಿಯ ಮೂಲೆಯ ಕಡೆಗೆ ಹೋಯಿತು. "ಮಗಳೇ," ಎಂದರು. "ಅದನ್ನ..." ಉಸಿರು ಸಿಕ್ಕಿಕೊಂಡಿತು. ಗಂಟಲಲ್ಲಿ ಏನೋ ಗೊರಗೊರ ಎಂದಿತು. "...ಬಿಡು."

ಕೈ ಹೊದಿಕೆಯ ಮೇಲೆ ಬಿತ್ತು. ಮತ್ತೆ ಏಳಲಿಲ್ಲ.

ಮೊದಲು ಅತ್ತದ್ದು ಎದುರುಮನೆಯಾಕೆಯಲ್ಲ, ಅಳಿಯ. ಹಾಗೆ ಬಿಕ್ಕಿಬಿಕ್ಕಿ ಅಳುವಷ್ಟು ದುಃಖ ತನ್ನಲ್ಲಿದೆ ಎಂದು ಅವನಿಗೇ ಗೊತ್ತಿರಲಿಲ್ಲ. ಹೆಂಡತಿ ಅಪ್ಪನ ಕಣ್ಣು ಮುಚ್ಚಿ, ಹೊದಿಕೆ ಸರಿಮಾಡಿದಳು. ಆಮೇಲೆ ಮೆಲ್ಲಗೆ ಕೇಳಿದಳು, "ಅಪ್ಪ ಕೊನೇಲಿ ಏನಂದ್ರು?"

"ಅದನ್ನ ಬಿಡು ಅಂದ್ರಮ್ಮ," ಎಂದರು ಗಾರ್ಡು ಗಂಟಲು ಸರಿಮಾಡಿಕೊಂಡು. "ಡಬ್ಬಿ ಕಡೆ ಬೆರಳು ತೋರಿಸಿ. ನನ್ನ ಸರ್ವೀಸಲ್ಲಿ ಬಿಡು ಅಂದ್ರೆ ಒಂದೇ ಅರ್ಥ. ಗಾಡಿ ಹೊರಡ್ಲಿ. ಆ ಮೀನನ್ನ ಬಿಡುಗಡೆ ಮಾಡ್ಬೇಕು."

"ಕೊಲೆ ಮಾಡಿದ್ದು ಅಂತ ನೀವೇ ಅಂದ್ರಲ್ಲ ಬೆಳಗ್ಗೆ?" ಎಂದಳು ಎದುರುಮನೆಯಾಕೆ. ಅಳಿಯ ಜೋರಾಗಿ ಕೆಮ್ಮಿದ. ಆದರೆ ಅವನ ಕೆಮ್ಮಿಗ್ಯಾವ ಬೆಲೆ? ಆಕೆ ಮುಂದುವರಿಸಿದಳು. "ನಂಗೇನೋ ಬೆರಳು ಡಬ್ಬಿ ಕಡೆಗಿತ್ತು ಅನ್ನಿಸ್ಲಿಲ್ಲಪ್ಪ. ಡಬ್ಬಿ ಪಕ್ಕದಲ್ಲಿ ಅಳಿಯಂದ್ರೂ ನಿಂತಿದ್ರು. ಮೇಷ್ಟ್ರು 'ಅದು' ಅಂತ ಕರೀತಿದ್ದುದು ಯಾರನ್ನ ಅಂತ ಈ ಕಟ್ಟಡಕ್ಕೆಲ್ಲ ಗೊತ್ತು. ಮಗಳೇ, ಅದನ್ನ ಬಿಡು..."

ಹೆಂಡತಿ ನಿಧಾನವಾಗಿ ತಲೆಯೆತ್ತಿ ಗಂಡನನ್ನು ನೋಡಿದಳು. ಅಪ್ಪನ ಒಂದೇ ಒಂದು ಮಾತನ್ನು ಮೀರಿದ್ದ ಹೆಣ್ಣು ಅವಳು. ಆ ಮಾತೇ ಈಗ ಎರಡನೇ ಸಲ ಬಂದಿತ್ತು, ಅದೂ ಕೊನೆಯುಸಿರಿನ ಜೊತೆ.

ಈ ಜಗತ್ತಿನಲ್ಲಿ ಮೇಷ್ಟ್ರ ಗಂಟಲಲ್ಲಿ ಸಿಕ್ಕಿಕೊಂಡ ಮಾತು "ಹಾಗೇ" ಎಂದು ಬಲ್ಲವನು ಅಳಿಯನೊಬ್ಬನೇ. ಆದರೆ ಹಾಗೆಂದರೆ, ಅದು ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ. ಆಮೇಲೆ ಒಂದು ವಾರದ ಕತೆಯೆಲ್ಲ ಬಿಚ್ಚಬೇಕು.

"ಮೀನನ್ನೇ ಹೇಳಿದ್ದು!" ಎಂದು ಕೂಗಿದ. "ಗಾರ್ಡು ಸಾಹೇಬ್ರು ಹೇಳಿದ್ದೇ ಸರಿ. ಬಿಡು ಅಂದ್ರೆ ಬಿಡುಗಡೆ! ಸ್ಟ್ರೆಚರ್ ಮೇಲೂ ಇದನ್ನೇ ಹೇಳಿದ್ರು ನಂಗೆ. ಆಣೆ ಮಾಡ್ತೀನಿ, ಡಬ್ಬೀಲಿರೋ ಕರೀದನ್ನ ಬಿಡು ಅಂತ!"

"ಹೋದ ವಾರಾನೇ ಹೇಳಿದ್ರಾ?" ಎಂದಳು ಹೆಂಡತಿ. "ಮತ್ತೆ ಇನ್ನೂ ಡಬ್ಬೀಲೇ ಇದೆಯಲ್ಲ?"

ಅಳಿಯ ಗಾಯದ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ. "ಅವರ ಕಣ್ಣೆದುರಿಗೇ ಬಿಡೋಣ ಅಂತ ಕಾದಿದ್ದೆ."

"ಹಾಗಾದ್ರೆ ಬಿಡಿ," ಎಂದಳು. "ಅಪ್ಪ ಇನ್ನೂ ಇಲ್ಲೇ ಇದಾರೆ."

ಎಲ್ಲರೂ ನೋಡುತ್ತಿದ್ದರು. ಬೆಳಗ್ಗಿನಿಂದ ಬೆವರು ಸುರಿಸಿ, ಬೆರಳು ಕಚ್ಚಿಸಿಕೊಂಡು ಕೂಡಿಹಾಕಿದ ಮೀನನ್ನು ಅಳಿಯ ತನ್ನ ಕೈಯಾರೆ ಹೊರಕ್ಕೆ ಬಿಟ್ಟ. ಕರೀದು ಮೈಮುರಿಯಿತು, ಅವಸರವಿಲ್ಲದೆ ತೊಟ್ಟಿಯ ನಡುವಿಗೆ ಈಜಿತು. ಏಳು ಮೀನುಗಳು ಹಿಂದೆಂದೂ ಇರದಷ್ಟು ಒತ್ತಾಗಿ, ಒಂದೇ ಮೀನಿನ ಹಾಗೆ ಮುದ್ದೆಯಾಗಿ ನಿಂತವು.

"ಎಷ್ಟು ಚಂದ!" ಎಂದು ಎದುರುಮನೆಯಾಕೆ ಕಣ್ಣೊರೆಸಿಕೊಂಡಳು.

ಹೆಂಡತಿ ಎದ್ದು ಬಂದು ಗಂಡನ ಪಕ್ಕದಲ್ಲಿ ನಿಂತಳು. ಅವಳು ಅಷ್ಟು ಹತ್ತಿರ ಬಂದು ನಿಂತದ್ದೇ ಅವನಿಗೆ ಸಮಾಧಾನವಾಯಿತು. ಗಾಜಿನ ಮೇಲೆ ಅಂಗೈಯಿಟ್ಟು, ಮೀನುಗಳನ್ನೇ ನೋಡುತ್ತ ಅವಳು ಹೇಳಿದಳು. "ನೀವು ಹೇಳಿದ್ದನ್ನೇ ನಂಬ್ತೀನಿ ರೀ. ಅಪ್ಪನ ನೆನಪು ಅಂತ ನಂಗೆ ಉಳಿದಿರೋದು ಈ ಏಳೇ. ನಾಳೆಯಿಂದ ದಿನಾ ಬೆಳಗ್ಗೆ ನಾನೇ ಎಣಿಸ್ತೀನಿ. ಇವು ಇಷ್ಟೂ ಇರೋವರೆಗೆ, ಅಪ್ಪ ಹೇಳಿದ್ದು ಮೀನಿನ ವಿಷಯಾನೇ."

"ಕಡಿಮೆಯಾದ್ರೆ?" ಎಂದ ಅಳಿಯ, ತನಗೇ ಕೇಳದಷ್ಟು ಸಣ್ಣಗೆ.

"ಒಂದು ಕಡಿಮೆಯಾದ್ರೂ, ಅಪ್ಪ ಬೇರೆ ಏನೋ ಹೇಳಿದ್ರು ಅಂತ ತಿಳ್ಕೊಳ್ತೀನಿ."

ಕರೀದು ಗುಂಪಿನ ಸುತ್ತ ನಿಧಾನವಾಗಿ ಒಂದು ಸುತ್ತು ಬಂತು, ಮೋಟುಬಾಲದ್ದರ ಎದುರಿಗೆ ನಿಂತಿತು. ಅಳಿಯ ಎಣಿಸಿದ. ಸದ್ಯಕ್ಕೆ ಏಳೂ ಇದ್ದವು.